ಫೇಲಾದವನನ್ನೇ ಕೂಡಿಸ್ರಿ

1989ರಲ್ಲಿ, ಏಳನೇ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಒತ್ತಿ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇಪ್ಪತ್ತು ವರ್ಷ ಫೌಂಡ್ರಿಯಲ್ಲಿ ಎರಕ ಹೊಯ್ದು, ಈಗ ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಕ್ಕಳಿಗೆ ಮರಳಿನ ಅಚ್ಚು ಕಟ್ಟುವುದನ್ನು ಕಲಿಸುತ್ತೇನೆ. ಕುಲುಮೆಯ ಮುಂದೆ ನಿಂತು ಬೆಳೆದವನಿಗೆ ಸಿಟ್ಟು ಬೇಗ. ಆದರೆ ಈ ಸಲದ್ದು ಖರೇ ಸಿಟ್ಟು.

ನಮ್ಮಲ್ಲಿ 'ವಿದ್ಯಾರ್ಥಿ ರಾಯಭಾರಿ' ಯೋಜನೆ ಬಂತು. ಹಿರಿಯ ಹುಡುಗರು ಕಿರಿಯರ ಕೈಹಿಡಿದು ನಡೆಸಬೇಕಂತೆ. ಕಮಿಟಿಯಲ್ಲಿ ಪ್ರಾಧ್ಯಾಪಕನಲ್ಲದವನೊಬ್ಬ ಇರಲೆಂದು ನನಗೂ ಮೂಲೆಯ ಕುರ್ಚಿ ಕೊಟ್ಟರು. ಮೊದಲ ನಿಯಮ: ಒಮ್ಮೆಯೂ ಫೇಲಾದವರು ರಾಯಭಾರಿ ಆಗುವಂತಿಲ್ಲ. ನನಗೆ ತಡೆಯಲಾಗಲಿಲ್ಲ.

"ಸರ, ಫೌಂಡ್ರಿಯೊಳಗ ಹೊಸಬನ್ನ ಭಾಳ ಮಾಲು ಕೆಡಿಸಿದವನ ಬಾಜೂಕ ನಿಲ್ಲಸ್ತೀವ್ರಿ. ಎಲ್ಲಿ ಕೆಡತೈತಿ ಅನ್ನೂದು ಅವಗ ಗೊತ್ತಿರತೈತಿ."

ಕಮಿಟಿಯ ಮುಖ್ಯಸ್ಥರು ನಕ್ಕರು. "ಅದು ಕಬ್ಬಿಣ ಅದರಿ. ಇವರು ಮಕ್ಕಳು."

"ಅದಕ್ಕ ಹೇಳಾಕತ್ತೀನ್ರಿ. ಕಬ್ಬಿಣ ಕೆಟ್ರ ಮತ್ತ ಕರಗಸಬಹುದು."

ನಿಯಮ ಪಾಸಾಯಿತು. ಖಾನಾಪುರದಿಂದ ದಿನಾ ಬಸ್ಸಿಗೆ ಬರುವ ಸುಜಾತಾ ಹತ್ತರವರೆಗೆ ಮರಾಠಿ ಶಾಲೆಯಲ್ಲಿ ಓದಿದವಳು, ಇಲ್ಲಿ ಮೊದಲ ವರ್ಷದ ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು. ಅವಳಿಗೆ ಕಾಲೇಜಿಗೇ ಮೊದಲಿಗನಾದ ಹುಡುಗನನ್ನು ರಾಯಭಾರಿ ಮಾಡಿದರು. ಅವನು ಹತ್ತು ನಿಮಿಷ ಕೂತು, "ಇದೇನ್ ಭಾಳ ಸರಳ ಐತಲಾ" ಎಂದು ಎದ್ದು ಹೋದ. ಮೂರನೇ ವಾರ ಅವಳು ಕಾಲೇಜು ಬಿಡುವ ಅರ್ಜಿ ಹಿಡಿದು ನನ್ನ ಮುಂದೆ ನಿಂತಳು. ವರ್ಕ್‌ಶಾಪಿನ ಸಾಮಾನು ಬಾಕಿ ಇಲ್ಲವೆಂದು ನಾನು ಸಹಿ ಹಾಕಬೇಕು.

"ಸರಳ ಇದ್ದದ್ದೂ ನನಗ ಬರೂದಿಲ್ಲ ಕಾಕಾ. ಲಗೂ ಸಹಿ ಮಾಡ್ರಿ, ಬಸ್ ಹೋಗತೈತಿ."

ಆ 'ಸರಳ' ಕೇಳಿ ನನ್ನ ಮೈ ಉರಿಯಿತು. "ನಿನ್ನ ಹೆಸರಿಗೆ ಒಂದ್ ಸುತ್ತಿಗಿ ಬಾಕಿ ಐತಿ. ಅದು ಸಿಗೂತನಕಾ ಸಹಿ ಇಲ್ಲ!"

ಅಪ್ಪಟ ಸುಳ್ಳು. ದಿನಾ ಸಂಜೆ ಬಂದು ಹುಡುಕು ಎಂದೆ. ಜೊತೆಗೆ ಇಮ್ರಾನನನ್ನು ಕರೆದೆ. ಇಲ್ಲೇ ಕ್ಯಾಂಪ್ ಬಡಾವಣೆಯ ಹುಡುಗ, ಕೊನೇ ವರ್ಷ, ಅದೇ ಗಣಿತದಲ್ಲಿ ಮೂರು ಸಲ ಬಿದ್ದು ಎದ್ದವನು.

"ಅರೇ, ಎರಡ್ ಸಲಕ್ಕ ಅಳತೀಯೇನ ತಂಗಿ? ಮೊದಲ ನನ್ನ ರೆಕಾರ್ಡ್ ಮುರಿ," ಎಂದು ಅವನು ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದ. "ನೋಡಿಲ್ಲೆ, ಈ ಮೈನಸ್ಸಿನ್ಯಾಗ ನಾ ಬಿದ್ದದ್ದು."

"ನಾನೂ ಅಲ್ಲೇ!" ಎಂದಳು.

ಎಂಟನೇ ಸಂಜೆ ಅವಳೇ ಬಂದಳು. "ಕಾಕಾ, ಸುತ್ತಿಗಿ ಸಿಗದಿದ್ರ ಇರಲಿ, ಆ ಅರ್ಜಿ ಹರದ ಹಾಕ್ರಿ."

ಸುದ್ದಿ ಕಮಿಟಿಗೆ ಮುಟ್ಟಿತು. ಅವಳು ಉಳಿದಳೆಂದು ಮೊದಲಿಗನಿಗೆ ಬ್ಯಾಡ್ಜು ಕೊಟ್ಟರು. ಸುಳ್ಳು ಬಾಕಿ ತೋರಿಸಿದೆನೆಂದು ನನಗೆ ಮೆಮೋ ಕೊಟ್ಟರು, ಅದೂ ಇಂಗ್ಲಿಷಿನಲ್ಲಿ. ಅದನ್ನು ಓದಲು ಬಾರದು ಎನ್ನಲು ನನ್ನ ಅಭಿಮಾನ ಅಡ್ಡ ಬಂತು. ಕನ್ನಡಕ ಮನೆಯಲ್ಲಿದೆ ಎಂದು ಹೇಳಿ ಸುಜಾತಾ, ಇಮ್ರಾನರ ಕೈಲಿ ಓದಿಸಿಕೊಂಡೆ. ಇಬ್ಬರೂ ನನ್ನ ಮೂಗಿನ ಮೇಲಿದ್ದ ಕನ್ನಡಕ ನೋಡಿಯೂ ಸಾಲು ಸಾಲಾಗಿ ಓದಿ ಹೇಳಿದರು.

ಈಗ ನನ್ನ ಹತ್ತಿರ ಸುತ್ತಿಗೆ ಹದಿನೆಂಟು, ಹದಿನೆಂಟೂ ಇವೆ. ಮೆಮೋ ಒಂದು. ಅದಕ್ಕೆ ಉತ್ತರ ಬರೆದುಕೊಡುವವರು ಇಬ್ಬರು.