ಎಂಟೂವರೆ ಮಾವ

ನನ್ನ ಸೋದರಮಾವನ ಅಪ್ಪಣೆಯಿಲ್ಲದೆ ಜಪಾನಿನಲ್ಲಿ ಮಳೆಯೇ ಬರುತ್ತಿರಲಿಲ್ಲ! ನಂಬುವುದಿಲ್ಲವೇ? ಗಾವಡಗೆರೆಯ ನಾಡಕಚೇರಿಯ ಹಿಂದಿದ್ದ ಮಳೆಮಾಪಕದ ಮುಂದೆ ಬೆಳಿಗ್ಗೆ ಎಂಟೂವರೆಗೆ ಅವರು ನಿಲ್ಲುತ್ತಿದ್ದ ಠೀವಿ ನೋಡಿದ್ದರೆ ನೀವೂ ನಂಬುತ್ತಿದ್ದಿರಿ.

ಅವರು ಅಲ್ಲಿ ಗುಮಾಸ್ತರು. ಡಬ್ಬಿಗೆ ಬಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು, ಅಂಕಿಯನ್ನು ಪುಸ್ತಕದಲ್ಲಿ ಬರೆದು ಹುಣಸೂರಿಗೆ ತಿಳಿಸುವುದು ಎರಡು ನಿಮಿಷದ ಕೆಲಸ. ಆದರೆ ತರಬೇತಿಯಲ್ಲಿ ಯಾರೋ ಪುಣ್ಯಾತ್ಮರು, ದೇಶದೇಶದವರೆಲ್ಲ ಮಾತಾಡಿಕೊಂಡು ಒಂದೇ ಗಳಿಗೆಯಲ್ಲಿ ಹವೆ ನೋಡುತ್ತಾರೆ ಎಂದುಬಿಟ್ಟರು. ಅಲ್ಲಿಗೆ ಮಾವ ನಮ್ಮ ಕೈತಪ್ಪಿದರು.

"ನಮ್ಗೆ ಎಂಟೂವರೆ ಅಂದ್ರೆ ಜಪಾನ್ನೋನ್ಗೆ ಮಟಮಟ ಮಧ್ಯಾಹ್ನ, ಲಂಡನ್ನೋನ್ಗೆ ಬೆಳಗಿನ ಜಾವ ಮೂರು. ಪಾಪ, ನಿದ್ದೆಗೆಟ್ಟು ನೋಡ್ತಾನೆ ಕಣವ್ವ. ನಾನು ಕಾಪಿ ಕುಡ್ಕೊಂಡು ಕೂತಿರಕ್ಕಾಯ್ತದಾ?"

"ಅವ್ನಿಗೆ ನಿಮ್ಮ ಎಸ್ರಾದ್ರೂ ಗೊತ್ತಾ?" ಎನ್ನುತ್ತಿದ್ದರು ಅತ್ತೆ.

"ನಂಗೂ ಅವನೆಸ್ರು ಗೊತ್ತಿಲ್ಲ. ಅದಕ್ಕೇ ಇವತ್ತಿನ್ಗಂಟ ನಮ್ಮಿಬ್ಬರಿಗೂ ಜಗಳ ಬಂದಿಲ್ಲ!"

ಗಾವಡಗೆರೆಯ ಅಂಕಿ ಹುಣಸೂರು ದಾಟುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಹೊಗೆಸೊಪ್ಪಿನ ರೈತರು, "ಸಾ, ನಾಳೆ ಮಳೆ ಬತ್ತದಾ?" ಎಂದರೆ ಮಾವ ಕೆರಳುತ್ತಿದ್ದರು. "ಬರಾ ಮಳೆ ನಂಗೇನ್ಲಾ ಗೊತ್ತು? ಬಂದಿದ್ದು ಕೇಳು!"

ನನ್ನ ಮದುವೆಯ ಮುಹೂರ್ತ ಎಂಟೂವರೆಗೇ ಬಂತು. ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ಮಾಯ! ಪುರೋಹಿತರು ಮಂತ್ರ ಎಳೆದೂ ಎಳೆದೂ ಸುಸ್ತಾದರು. ಮಾವ ಏದುಸಿರು ಬಿಡುತ್ತ ಓಡಿಬಂದು ನನ್ನ ಕಿವಿಯಲ್ಲಿ ಆಶೀರ್ವಾದದ ಹಾಗೆ ಹೇಳಿದ್ದು, "ಹನ್ನೆರಡು ಮಿಲಿಮೀಟರ್ ಕಣವ್ವ!"

ಬೇಸಿಗೆಯಲ್ಲೂ ದಿನಾ ಹೋಗಿ ಸೊನ್ನೆ ಬರೆಯುತ್ತಿದ್ದರು. "ತಿಂಗಳಿಗಾಗೋಷ್ಟು ಒಟ್ಗೇ ಬರ್ದುಬುಡಿ" ಎಂದ ಅತ್ತೆಯೊಡನೆ ಎರಡು ದಿನ ಮಾತು ಬಿಟ್ಟರು. "ಸೊನ್ನೆ ಅಂದ್ರೆ, ನಾನು ಓಗಿ ನೋಡ್ದೆ, ಮಳೆ ಇರ್ನಿಲ್ಲ ಅಂತ. ನೋಡ್ದೇ ಇದ್ರೆ ಖಾಲಿ ಬುಡಬೇಕು. ನನ್ನ ಪುಸ್ತಕದಲ್ಲಿ ಒಂದು ಖಾಲಿ ಮನೆ ತೋರಿಸ್ಲಿ ನೋಡಾನ, ಮೀಸೆ ಬೋಳಿಸ್ಕತೀನಿ!"

ಅವರು ನಿವೃತ್ತರಾಗುವ ವಾರ ಕಚೇರಿಗೆ ಹೋಗಿದ್ದೆ. ಹಳೆಯ ಪುಸ್ತಕಗಳನ್ನು ಕಟ್ಟಿಡುತ್ತಿದ್ದರು. ಸುಮ್ಮನೆ ಒಂದನ್ನು ತಿರುವಿದವಳಿಗೆ ಸಿಕ್ಕೇಬಿಟ್ಟಿತು, ಆಷಾಢದ ನಡುವೆ ಒಂದು ಖಾಲಿ ಮನೆ!

"ಮಾವ, ಮೀಸೆ!" ಎಂದು ಕೂಗಿದ ಮೇಲೆ ತಾರೀಖು ಓದಿದೆ. ನನ್ನ ಮಗಳು ಹುಟ್ಟಿದ ದಿನ. ಹೆರಿಗೆ ಕಷ್ಟವಾಗಿ, ತಾಯಿ ಮಗು ಇಬ್ಬರ ಭರವಸೆಯನ್ನೂ ಡಾಕ್ಟರು ಕೊಟ್ಟಿರಲಿಲ್ಲ. ಅವತ್ತು ಬೆಳಿಗ್ಗೆಯೆಲ್ಲ ಧೋ ಎಂದು ಮಳೆ. ಹುಣಸೂರಿನ ಆಸ್ಪತ್ರೆಯ ಬಾಗಿಲಲ್ಲಿ ತೊಯ್ದ ಅಂಗಿಯಲ್ಲೇ ಕೂತಿದ್ದ ಮಾವ ಆಮೇಲೂ ಅಂದಾಜಿನ ಅಂಕಿಯೊಂದನ್ನು ಬರೆದುಕೊಂಡಿರಲಿಲ್ಲ.

"ಜಪಾನ್ನೋನು ಕಾಯ್ತಿರ್ಲಿಲ್ವಾ ಮಾವ?" ಎಂದೆ.

ಮಾವ ಪುಸ್ತಕವನ್ನು ಮೆಲ್ಲಗೆ ಇಸಿದುಕೊಂಡರು.

"ಕಾಯ್ಲಿ ಬುಡು. ಅವನ್ಗೂ ಒಬ್ಳು ಅಕ್ಕನ ಮಗಳು ಇರ್ತಾಳೆ ಕಣವ್ವ."