ಅಗಿಯುವಾಗ ಮಾತಾಡಬಾರದು

ಡಾಕ್ಟರು ಹೇಳಿದ್ದು ಇಷ್ಟೇ: "ಸ್ವಲ್ಪ ನಿಧಾನವಾಗಿ ಊಟ ಮಾಡಿ." ಈ ಮಾತನ್ನು ಗುಮಾಸ್ತರು ಹೆಂಡತಿಯ ಕಿವಿಗೆ ಹಾಕಿದ್ದೇ ತಪ್ಪಾಯಿತು. ಆಕೆ ಅದನ್ನು ಎದುರುಮನೆಯ ಡ್ರಿಲ್ ಮೇಷ್ಟ್ರಿಗೆ ಮುಟ್ಟಿಸಿದರು. ಮೇಷ್ಟ್ರು ನಿವೃತ್ತರಾದ ಮೇಲೆ ಯೋಗಗುರುವಾಗಿದ್ದರು. ಸೀಟಿ ಮಾತ್ರ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಐದಕ್ಕೇ ಸೀಟಿ ಕೇಳಿಸಿತು. ಗುಮಾಸ್ತರು ಉಸಿರು ಒಳಗೆಳೆದುಕೊಂಡರು. ಹೊರಗೆ ಬಿಡಲು ಗುರುಗಳ ಅಪ್ಪಣೆ ಬೇಕಿತ್ತು, ಗುರುಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ದೇಹದ ಕತೆ ಮುಗಿದ ಮೇಲೆ ಆತ್ಮದ ಸರದಿ. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು, ತುತ್ತಿನಲ್ಲಿ ದೇವರನ್ನು ಕಾಣಬೇಕು, ನಡುವೆ ಮಾತಾಡಿದರೆ ಲೆಕ್ಕ ಮತ್ತೆ ಒಂದರಿಂದ. ತಮಗೆ ಉಳಿದಿರುವುದೇ ಇಪ್ಪತ್ತೇಳು ಹಲ್ಲು, ಏನಾದರೂ ರಿಯಾಯಿತಿ ಉಂಟೇ ಎಂದು ಗುಮಾಸ್ತರು ವಿಚಾರಿಸಿದರು.

"ಅಧ್ಯಾತ್ಮದಲ್ಲಿ ಚೌಕಾಸಿ ಇಲ್ಲ ಸ್ವಾಮಿ" ಅಂದರು ಮೇಷ್ಟ್ರು.

ಆಫೀಸಿನಲ್ಲಿ ಕಣ್ಣು ತಪ್ಪಿಸುವ ಹಾಗೂ ಇರಲಿಲ್ಲ. ಅಲ್ಲಿಯ ಟೈಪಿಸ್ಟ್ ಹೆಂಡತಿಯ ಚಿಕ್ಕಪ್ಪನ ಮಗ. ಎಣಿಸುವ ಕೆಲಸಕ್ಕೆ ಆ ಭಾವಮೈದುನ ಫೋನಿನಲ್ಲೇ ನೇಮಕವಾದ.

ಆ ದಿನವಾದರೂ ಎಂಥದ್ದು! ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತು ಊರವರ ಬೈಗುಳ ತಿಂದೇ ಗುಮಾಸ್ತರಿಗೆ ಬಿಪಿ ಬಂದದ್ದು. ಈಗ ರೆಕಾರ್ಡ್ ರೂಮಿನ ಕುರ್ಚಿ ಖಾಲಿಯಾಗಿತ್ತು. ಹಳೆ ಕಾಗದ ಯಾರನ್ನೂ ಬೈಯುವುದಿಲ್ಲ. ಆ ಜಾಗ ಯಾರಿಗೆಂದು ಸಾಹೇಬರು ಅವತ್ತೇ ತೀರ್ಮಾನಿಸುವವರಿದ್ದರು, ಗುಮಾಸ್ತರ ಜೀವವೆಲ್ಲ ಆ ಕುರ್ಚಿಯ ಮೇಲಿತ್ತು.

ಮಧ್ಯಾಹ್ನ ಡಬ್ಬಿ ತೆರೆದರೆ ಹಸಿ ಕ್ಯಾರೆಟ್. ಮೊದಲ ತುಂಡು ಬಾಯಿಗೆ ಹೋಗಿ ಭಾವಮೈದುನ "ಹತ್ತು" ಅನ್ನುವಷ್ಟರಲ್ಲಿ ಒಬ್ಬ ಹೆಂಗಸು ಕೌಂಟರಿಗೆ ಖಾಲಿ ಬಿಂದಿಗೆ ಕುಕ್ಕಿದಳು. ನಾಲ್ಕು ದಿನದಿಂದ ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿದೆ ಎಂದು ಶುರುಮಾಡಿ ಇಡೀ ಇಲಾಖೆಯ ಜನ್ಮ ಜಾಲಾಡಿದಳು. ಗುಮಾಸ್ತರು ಕ್ಯಾರೆಟ್ಟಿನಲ್ಲಿ ದೇವರನ್ನು ಹುಡುಕುತ್ತ ಅಗಿದರು. ದೇವರು ಸಿಗಲಿಲ್ಲ, ಒಂದು ಚೂರು ಗಂಟಲಿಗೆ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ತನ್ನ ಕಷ್ಟಕ್ಕೆ ಅಳುವ ನೌಕರನನ್ನು ಆಕೆ ಜನ್ಮದಲ್ಲೇ ನೋಡಿರಲಿಲ್ಲ. "ಹೋಗಲಿ ಬಿಡಣ್ಣ, ನೀನಾದರೂ ಏನು ಮಾಡ್ತೀಯ" ಎಂದು ಸಮಾಧಾನ ಹೇಳಿ, ಖಾಲಿ ಬಿಂದಿಗೆ ಎತ್ತಿಕೊಂಡು ಹೋದಳು.

ಹಿಂದೆ ಸಾಹೇಬರು ನಿಂತು ನೋಡುತ್ತಿದ್ದರು.

"ಭೇಷ್. ಇಲ್ಲೇ ಮುಂದುವರಿಯೋಕೆ ನಿಮಗೇನೂ ಅಭ್ಯಂತರ ಇಲ್ಲ ತಾನೆ?"

ಲೆಕ್ಕ ಇಪ್ಪತ್ತೊಂಬತ್ತಕ್ಕೆ ಬಂದಿತ್ತು. ಬೇಡ ಅನ್ನಲು ಗುಮಾಸ್ತರು ಜೋರಾಗಿ ತಲೆ ಅಡ್ಡಡ್ಡ ಆಡಿಸಿದರು.

"ಇಲ್ಲ ಅಂತೀರಿ. ಸಂತೋಷ."

ಗಾಬರಿಯಾಗಿ ತಲೆ ಮೇಲೆ ಕೆಳಗೆ ಆಡಿಸಿದರು.

"ಹೌದಲ್ವಾ? ನನಗೆ ಗೊತ್ತಿತ್ತು."

ಕನ್ನಡದಲ್ಲಿ ತಲೆಯನ್ನು ಇನ್ನಾವ ದಿಕ್ಕಿಗೆ ಆಡಿಸುವುದೆಂದು ಹೊಳೆಯದೆ ಗುಮಾಸ್ತರು ಬಾಯಿ ತೆರೆದರು. "ಭಾವ, ಇನ್ನೂ ಮೂರಿದೆ. ಅಕ್ಕ ಕೇಳ್ತಾಳೆ" ಅಂದ ಭಾವಮೈದುನ. ಮೂರು ಮುಗಿಯುವಾಗ ಸಾಹೇಬರು ಹೋಗಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಬಾಯಿಗೆ ಬಂದ ತುತ್ತೇ ಕೈಗೆ ಬಂದದ್ದನ್ನು ನುಂಗಿತ್ತು.

ಗುಮಾಸ್ತರು ನೇರ ಸಾಹೇಬರ ಕೋಣೆಗೆ ಓಡಿದರು. ನಾಚಿಕೆ ಬಿಟ್ಟು ಎಲ್ಲವನ್ನೂ ಒದರಿದರು. ಆ ಕೌಂಟರಿನಲ್ಲಿ ಇನ್ನೊಂದು ವರ್ಷ ಕೂತರೆ ತಾನು ಸಾಯುವುದು ಖಂಡಿತ ಅಂದರು.

"ಸಾರ್, ನನಗೆ ತಾಳ್ಮೆ ಅನ್ನೋದೇ ಇಲ್ಲ. ಇವತ್ತು ಸುಮ್ಮನಿದ್ದದ್ದು ಬಾಯಲ್ಲಿ ಕ್ಯಾರೆಟ್ ಇತ್ತು ಅಂತ."

ಸಾಹೇಬರು ಅದನ್ನು ಕಾಗದದಲ್ಲಿ ಗುರುತುಮಾಡಿಕೊಂಡರು. ಆರೋಗ್ಯ ಮುಖ್ಯ, ಏನಾದರೂ ಏರ್ಪಾಡು ಮಾಡೋಣ ಅಂದರು. ಗುಮಾಸ್ತರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಾಲ್ಕು ಗಂಟೆಗೆ ಗೋಡೆಗೆ ಆದೇಶ ಅಂಟಿತು. ಎಣಿಕೆಯಲ್ಲಿ ತಪ್ಪದ ಟೈಪಿಸ್ಟರನ್ನು ರೆಕಾರ್ಡ್ ರೂಮಿಗೆ ನೇಮಿಸಲಾಗಿದೆ. ಬಾಯಲ್ಲಿ ಕ್ಯಾರೆಟ್ ಇರುವಷ್ಟು ಹೊತ್ತು ಗುಮಾಸ್ತರು ಸಾರ್ವಜನಿಕರೊಂದಿಗೆ ಸೌಜನ್ಯದಿಂದ ವರ್ತಿಸುವುದು ಅವರ ಹೇಳಿಕೆಯಿಂದಲೇ ದೃಢಪಟ್ಟಿರುವುದರಿಂದ, ಇನ್ನು ಮುಂದೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಕಚೇರಿಯ ವತಿಯಿಂದಲೇ ಅವರ ಕೌಂಟರಿಗೆ ಕ್ಯಾರೆಟ್ ಸರಬರಾಜು ಮಾಡತಕ್ಕದ್ದು.

ಬೈಯಲೆಂದು ಗುಮಾಸ್ತರು ಬಾಯಿ ತೆರೆದರು. ಭಾವಮೈದುನ ಪ್ರೀತಿಯಿಂದ ಒಂದು ತುಂಡು ಒಳಗಿಟ್ಟು "ಒಂದು" ಅಂದ.