ಅರ್ಕಾವೊತ್ತು ಮೇಷ್ಟ್ರೂ ನನ್ನ ಹೊಸ ಲ್ಯಾಪ್‌ಟಾಪೂ

ಅಕ್ಷರ ಜೋಡಿಸುವ ಕಸುಬಿನವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಒಂದು ಕೊಂಬು, ಒಂದು ಒತ್ತು ಆಚೀಚೆ ಆದರೆ ಸಾಕು, ತಮಾಷೆಯೇ ಅಂಗಡಿ ಬಾಗಿಲಿಗೆ ಬಂದು ನಿಲ್ಲುತ್ತದೆ. ತಿಪಟೂರಿನಲ್ಲಿ ನನ್ನದು ಡಿ.ಟಿ.ಪಿ. ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ, ಎಲ್ಲದರ ಕಾರ್ಡೂ ನನ್ನ ಕೈ ಹಾಯ್ದೇ ಹೋಗಬೇಕು. ಇಲ್ಲಿ ಹೇಳುವುದೆಲ್ಲ ನಾನು ಹಳೇ ಕಂಪ್ಯೂಟರ್ ಬಿಟ್ಟು ಲ್ಯಾಪ್‌ಟಾಪ್ ಕೊಂಡ ಕಾಲದ್ದು. ಎರಡು ಸಾವಿರ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಗು ಬಂದ ಕಡೆ ನೀವು ನಕ್ಕುಬಿಡಿ. ನನಗೆ ಕೆಲವು ಕಡೆ ಆಗುವುದಿಲ್ಲ.

ತಿಥಿ ಯಾವತ್ತು?

ಮೊದಲು ಮೇಷ್ಟ್ರ ವಿಷಯ ಹೇಳಬೇಕು. ಹಾಲ್ಕುರಿಕೆಯವರು, ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ರಿಟೈರಾದ ಮೇಲೆ ದಿನಾ ಹತ್ತು ಗಂಟೆ ಬಸ್ಸಿಗೆ ಬಂದು ನನ್ನ ಅಂಗಡಿಯಲ್ಲಿ ಕೂತು ಪ್ರೂಫ್ ನೋಡುತ್ತಿದ್ದರು. ಸಂಬಳ ಎರಡು ಲೋಟ ಕಾಫಿ. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಅವರಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಶತ್ರು, ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿ ಕೂತ ಅರ್ಕಾವೊತ್ತು. 'ಆಶೀರ್ವಾದ'ವನ್ನು ಯಾರಾದರೂ 'ಆರ್ಶೀವಾದ' ಎಂದು ಬರೆದರೆ ಅವತ್ತು ಅವರಿಗೆ ಕಾಫಿಯೂ ರುಚಿಸುತ್ತಿರಲಿಲ್ಲ. ಪೇಟೆಯಲ್ಲೆಲ್ಲ ಅವರ ಹೆಸರೇ ಅರ್ಕಾವೊತ್ತು ಮೇಷ್ಟ್ರು.

ಒಂದು ದಿನ ಅವರು ನೆಂಟರ ಮದುವೆ ಅಂತ ಅಂಗಡಿಗೆ ಬರಲಿಲ್ಲ. ಅವತ್ತೇ ನಾನು ಒಂದು ಹಳೇ ಮದುವೆ ಕಾರ್ಡು ತೆಗೆದು, ಅದರಲ್ಲೇ ಹೆಸರು ಬದಲಾಯಿಸಿ, ದಬ್ಬೇಘಟ್ಟದವರೊಬ್ಬರ ಕಾರ್ಡು ಮಾಡಿ ಅಚ್ಚಿಗೆ ಕೊಟ್ಟೆ. ಹೆಸರುಗಳೆಲ್ಲ ಬದಲಾದವು. ಹಳೇ ಕಾರ್ಡಿನ ತಾತನ ಹೆಸರಿಗೆ ಅಂಟಿಕೊಂಡಿದ್ದ 'ದಿವಂಗತ' ಮಾತ್ರ ಕದಲಲಿಲ್ಲ. ನಾಲ್ಕನೇ ದಿನ ಬಿಳೀ ಪಂಚೆಯ ಯಜಮಾನರೊಬ್ಬರು ಬಂದು ಮೇಜಿನ ಮೇಲೆ ಮೆಲ್ಲಗೆ ಆ ಕಾರ್ಡು ಇಟ್ಟರು. ಅವರೇ ಮದುವೆ ಹುಡುಗನ ತಾತ.

"ನೋಡಪ್ಪ, ನಾನು ಸತ್ತಿರಾದು ನಂಗೇ ಗೊತ್ತಿರ್ಲಿಲ್ಲ. ತಿಥಿ ಯಾವತ್ತು ಅಂತ ಕೇಳ್ಕಂಡೋಗಾನ ಅಂತ ಬಂದೆ."

ಅಲ್ಲೇ ಕೂತಿದ್ದ ಮೇಷ್ಟ್ರು ಎದ್ದು ಬಂದು ಗಿರಾಕಿಗಳ ಎದುರಿಗೇ ನನ್ನ ಕಿವಿ ಹಿಂಡಿದರು. ಆಗ ನನಗೆ ನಲವತ್ತು ವರ್ಷ.

ಹೊಸ ಸೊಸೆ

ಅಂಥ ಮೇಷ್ಟ್ರಿಗೆ ಕಿಡ್ನಿ ಕೈಕೊಟ್ಟಿತು. ಕಾಲು ಊದಿ, ಬಸ್ಸಿನ ಮೆಟ್ಟಿಲು ಹತ್ತಲಾರದಂತಾದರು. ಅಂಗಡಿಯಲ್ಲಿ ಅವರ ಕುರ್ಚಿ ಖಾಲಿ ಬಿತ್ತು. ಯಾರಾದರೂ ಅದರಲ್ಲಿ ಕೂತರೆ ನನಗೆ ಸಿಟ್ಟು ಬರುತ್ತಿತ್ತು, ಎಬ್ಬಿಸುವುದಕ್ಕೆ ಬಾಯಿ ಬರುತ್ತಿರಲಿಲ್ಲ. ಕಾರ್ಡಿನ ಪ್ರಿಂಟುಗಳನ್ನು ಬಸ್ಸಿನವರ ಕೈಯಲ್ಲಿ ಹಾಲ್ಕುರಿಕೆಗೆ ಕಳಿಸಿದೆ. ತಿದ್ದಿ ಕಳಿಸುತ್ತಿದ್ದರು. ಆದರೆ ವಾರದಿಂದ ವಾರಕ್ಕೆ ಕೆಂಪು ಗೆರೆ ನಡುಗತೊಡಗಿತು.

ನನ್ನ ಹಳೇ ಕಂಪ್ಯೂಟರು ಕಬ್ಬಿಣದ ಟ್ರಂಕಿನ ಹಾಗಿತ್ತು, ಹೊತ್ತು ತಿರುಗುವ ಪೈಕಿಯಲ್ಲ. ಮೇಷ್ಟ್ರು ಅಂಗಡಿಗೆ ಬರಲಾಗದಿದ್ದರೆ ಅಂಗಡಿಯೇ ಮೇಷ್ಟ್ರ ಹತ್ತಿರ ಹೋಗಲಿ ಅಂತ ಲ್ಯಾಪ್‌ಟಾಪ್ ಕೊಂಡೆ. ಕೇಳಿದವರಿಗೆ 'ಇದು ಬಲೇ ಸ್ಪೀಡು ಕಣ್ರೀ' ಅಂದೆ. ನಿಜಕ್ಕೂ ನನಗೆ ಬೇಕಾಗಿದ್ದದ್ದು ಮೇಷ್ಟ್ರು ಪಕ್ಕದಲ್ಲಿ ಕೂತು ಬೈಯುವುದು.

ಪೂಜೆ ಮಾಡದೆ ಮುಟ್ಟಬಾರದು ಅಂದಳು ನನ್ನ ಹೆಂಡತಿ. ಅರಿಶಿನ ಕುಂಕುಮ ಇಟ್ಟಳು, ತೆಂಗಿನಕಾಯಿ ಒಡೆದಳು. ನಾನು ತಡೆಯುವಷ್ಟರಲ್ಲಿ ತೆರೆದಿದ್ದ ಕೀಬೋರ್ಡಿನ ಮೇಲೆ ಒಂದು ಹಿಡಿ ಅಕ್ಷತೆಯನ್ನೂ ಹಾಕಿಬಿಟ್ಟಳು. ಬಗ್ಗಿಸಿ, ಕೊಡವಿ, ಊದಿದರೂ ಒಂದು ಕಾಳು 'ಆ' ಹೊಡೆಯುವ ಕೀಗೆ ಸಿಕ್ಕಿಕೊಂಡಿತು. ಮೊದಲ ಗಿರಾಕಿ ಹಂದನಕೆರೆಯ ಟೈಲರು. ಅವರ ಮಗಳ ಮದುವೆಗೆ 'ಆಹ್ವಾನ ಪತ್ರಿಕೆ' ಅಂತ ಹೊಡೆಯಲು ಹೋದರೆ ಪರದೆ ತುಂಬ ಆಆಆಆ ಅಂತ ಸಾಲುಗಟ್ಟಿ ಓಡಿತು.

"ಇದ್ಯಾಕ್ರೀ ಹಿಂಗೆ ಬಾಯ್ ಬುಟ್ಕಂಡು ಅಳ್ತೈತೆ?" ಅಂದರು ಟೈಲರು.

"ಹೊಸಾ ಸೊಸೆ ಕಣಣ್ಣ," ಅಂದಳು ನನ್ನ ಹೆಂಡತಿ, "ತವರು ನೆನೆಸ್ಕಂಡೈತೆ. ಎಲ್ಡ್ ದಿನ ಹೋದ್ರೆ ಸರಿ ಹೋಯ್ತದೆ."

ಬಸ್ಸಿನಲ್ಲಿ

ಮುಂದಿನ ಭಾನುವಾರ ಹಾಲ್ಕುರಿಕೆಗೆ ಹೊರಟೆ. ಲ್ಯಾಪ್‌ಟಾಪಿನ ಬ್ಯಾಗಿಗೆ ಧೂಳು ಬೀಳುತ್ತದೆಂದು ಹೆಂಡತಿ ತನ್ನ ಹಳೇ ಸೀರೆಯಲ್ಲಿ ಸುತ್ತಿಕೊಟ್ಟಿದ್ದಳು. ಬಸ್ಸಿನಲ್ಲಿ ನಿಂತವರ ಮೊಣಕೈ ತಾಗದಿರಲಿ ಅಂತ ಅದನ್ನು ಎರಡು ಕೈಯಲ್ಲೂ ಎದೆಗೆ ಅವುಚಿಕೊಂಡು ಕೂತೆ. ಪಕ್ಕದ ಅಜ್ಜಿ ಒಂದು ಮೈಲಿ ನನ್ನ ಗಂಟನ್ನೇ ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಮಕದ ಮ್ಯಾಗ್ಲ ಬಟ್ಟೆ ತೆಗಿಯಪ್ಪ, ಕೂಸಿಗೆ ಉಸುರು ಕಟ್ಕತೈತೆ."

ಕೂಸಲ್ಲ, ಕಂಪ್ಯೂಟರು ಅಂತ ಬಿಚ್ಚಿ ತೋರಿಸಿದೆ. ಅಜ್ಜಿ ನನ್ನನ್ನೂ ಅದನ್ನೂ ನೋಡಿ, "ಅದ್ಕೇ ಅನ್ಕಂಡೆ, ಒಂದ್ ಕಿತಾನೂ ಅಳ್ಲಿಲ್ವಲ್ಲ," ಅಂದರು. ಪೂಜೆಯ ದಿನ ಬಂದಿದ್ದರೆ ಅಳುವುದನ್ನೂ ನೋಡಬಹುದಿತ್ತು.

ಪರದೆಯ ಮೇಲಿನ ರೈಟು

ಮೇಷ್ಟ್ರು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಎಷ್ಟು ಇಳಿದುಹೋಗಿದ್ದರೆಂದರೆ ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಮಾತಿಗೆ ಮಾತ್ರ ಏನೂ ಆಗಿರಲಿಲ್ಲ. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಸುತ್ತ ಸವರಿ ನೋಡಿದರು.

"ಸ್ಲೇಟಲ್ಲಿ ಶುರು ಮಾಡುದ್ವಿ, ತಿರ್ಗಾ ಸ್ಲೇಟಿಗೇ ಬಂದ್ವಲ್ಲೋ," ಅಂದರು.

ಕಷ್ಟವಿದ್ದದ್ದು ಒಳಗೆ. ಹಳೇ ಕಂಪ್ಯೂಟರಿನ ಮಾದರಿ ಕಾರ್ಡುಗಳನ್ನೆಲ್ಲ ಹೊಸದಕ್ಕೆ ಹಾಕಿದಾಗ ಫಾಂಟು ಹೊಂದದೆ, ಅರ್ಕಾವೊತ್ತುಗಳೆಲ್ಲ ಒಂದೊಂದು ಮನೆ ಆಚೀಚೆ ಸರಿದಿದ್ದವು. ಮೊದಲ ಮದುವೆ ಕಾರ್ಡು ತೆರೆಯುತ್ತಲೇ 'ಆರ್ಶೀವಾದ'. ಮೇಷ್ಟ್ರ ಮುಖಕ್ಕೆ ಎಷ್ಟೋ ದಿನದ ಮೇಲೆ ರಕ್ತ ಬಂತು.

"ಇಷ್ಟು ದುಡ್ಡು ಸುರಿದು ತಪ್ಪು ಮಾಡೋ ಮೆಷೀನು ತಂದ್ಯೇನ್ಲಾ? ನೀನೇ ಇರ್ಲಿಲ್ವಾ?"

ಅವರು ಹೇಳಿದ ಹಾಗೆ ಒಂದೊಂದೇ ತಿದ್ದಿದೆ. ಕಾರ್ಡು ಪೂರ್ತಿ ಸರಿಯಾದಾಗ, ಮೂವತ್ತೈದು ವರ್ಷದ ಅಭ್ಯಾಸ, ಜೇಬಿನಿಂದ ಕೆಂಪು ಪೆನ್ನು ತೆಗೆದು ಪರದೆಯ ಮೂಲೆಗೇ ಒಂದು ರೈಟು ಹಾಕಿಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಬೆರಳು ಕೀ ಒತ್ತಿ, ಆ ಕಾರ್ಡು ಹೋಗಿ ಮುಂದಿನದು ಬಂತು. ರೈಟು ಅಲ್ಲೇ ಇತ್ತು. ಮೇಷ್ಟ್ರು ಅದನ್ನೇ ನೋಡಿದರು.

"ಕಾರ್ಡು ಹೋಯ್ತು, ರೈಟು ಇಲ್ಲೇ ಕುಂತೈತಲ್ಲೋ. ಇನ್ಮ್ಯಾಕೆ ನೀನೇನ್ ಬರೆದ್ರೂ ಸರೀನೇ ಬುಡು."

ಒರೆಸಲು ಅವರ ಹೆಂಡತಿ ಒದ್ದೆ ಬಟ್ಟೆ ತಂದರು. ನಾನು ಬೇಡ ಅಂದೆ.

ಬಚ್ಚಿಟ್ಟ ಕಾರ್ಡು

ನಾಲ್ಕು ಭಾನುವಾರ ಹೀಗೇ ನಡೆಯಿತು. ಮದುವೆ ಕಾರ್ಡು ಮುಗಿಯಿತು, ನಾಮಕರಣದ್ದು ಮುಗಿಯಿತು, ಗೃಹಪ್ರವೇಶದ್ದೂ ಮುಗಿಯಿತು. ಒಂದನ್ನು ಮಾತ್ರ ನಾನು ತೆರೆದಿರಲಿಲ್ಲ. ಮಂಚ ಹಿಡಿದವರ ಮುಂದೆ ತಿಥಿ ಕಾರ್ಡು ತೆರೆದು 'ಇದನ್ನೊಂದು ನೋಡಿ ಸಾರ್' ಅನ್ನುವುದು ಹೇಗೆ? ಆದರೆ ಲೆಕ್ಕ ತಪ್ಪುವ ಆಸಾಮಿಯಲ್ಲ ಅವರು.

"ತಿಥಿ ಕಾರ್ಡೆಲ್ಲೋ?"

"ಅದು ಸರಿಯಾಗೇ ಬಂದೈತೆ ಸಾರ್. ಒಂದೂ ತಪ್ಪಿಲ್ಲ."

"ಮದ್ವೆ ಕಾರ್ಡೇ ಕುಂಟ್ಕಂಡು ಬಂದೈತೆ, ತಿಥಿ ಕಾರ್ಡು ನೆಟ್ಟಗೆ ಬಂತಾ? ಮುಂದಿನ ಗಿರಾಕಿ ನಾನೇ ಅಂತ ತಾನೆ ಬಚ್ಚಿಡ್ತಿರಾದು?"

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವರ ಹೆಂಡತಿ, "ಬಾಯಿ ಮುಚ್ಕಂಡಿರಿ ಸುಮ್ನೆ," ಅಂದರು. ಮೇಷ್ಟ್ರು ಬಾಯಿ ಮುಚ್ಚಿದವರೇ ಅಲ್ಲ.

"ನೋಡ್ಲಾ, ನನ್ನ ಕಾರ್ಡಲ್ಲಿ ಒಂದೇ ಒಂದು ಅರ್ಕಾವೊತ್ತು ಆಚೀಚೆ ಆಗ್ಲಿ, ಎದ್ದು ಬತ್ತೀನಿ. ಬಂದು ಕಿವಿ ಹಿಂಡ್ತೀನಿ."

ಮೂವರೂ ನಕ್ಕೆವು. ಬಸ್‌ಸ್ಟಾಪಿಗೆ ಬಂದು ಒಬ್ಬನೇ ನಿಂತಾಗ ಅಳು ತಡೆಯಲಾಗಲಿಲ್ಲ. ಅಲ್ಲಿ ಕೂತಿದ್ದವರೊಬ್ಬರು ನನ್ನ ಕೈಯಲ್ಲಿದ್ದ ಲ್ಯಾಪ್‌ಟಾಪಿನ ಬ್ಯಾಗು ನೋಡಿ, "ಏನ್ ಸ್ವಾಮಿ, ಕೆಟ್ಟೋಯ್ತಾ? ರಿಪೇರಿ ಆಗಲ್ವಂತಾ?" ಅಂದರು. ಆಗಲ್ವಂತೆ ಅಂದೆ.

ಕೊನೇ ಪ್ರೂಫು

ರಾಗಿ ಕೊಯ್ಲಿನ ಹೊತ್ತಿಗೆ ಮೇಷ್ಟ್ರು ಹೋದರು. ಅವರ ತಿಥಿಯ, ಅಂದರೆ ಶಿವಗಣಾರಾಧನೆಯ, ಕಾರ್ಡು ನಾನೇ ಮಾಡಬೇಕಿತ್ತು. ಬಚ್ಚಿಟ್ಟಿದ್ದ ಕಾರ್ಡು ತೆರೆದು, ಒಂದೊಂದೇ ಅರ್ಕಾವೊತ್ತನ್ನು ಹಿಡಿದು ಅದರದರ ಮನೆಗೆ ಸೇರಿಸಿದೆ. ಬದುಕಿದ್ದವರ ಹೆಸರಿಗೇ ಗೊತ್ತಿಲ್ಲದೆ 'ದಿವಂಗತ' ಹಾಕಿದ್ದ ಕೈ ನನ್ನದು. ಮೇಷ್ಟ್ರ ಹೆಸರಿಗೆ ಅದನ್ನು ಹಾಕಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಕಾರ್ಡನ್ನು ಹತ್ತು ಸಲ ಓದಿದೆ. ಓದಿದಾಗಲೆಲ್ಲ ಪರದೆಯ ಮೂಲೆಯಲ್ಲಿ ಅವರ ಕೆಂಪು ರೈಟು ಕಾಣುತ್ತಿತ್ತು. ಅವರೇ ನೋಡಿ ಸರಿ ಅಂದ ಹಾಗಾಗಿ ನನಗೂ ಧೈರ್ಯ ಬಂತು. ಅಚ್ಚಿಗೆ ಕೊಟ್ಟೆ.

ಕಟ್ಟು ಹಿಡಿದು ಹಾಲ್ಕುರಿಕೆಗೆ ಹೋದೆ. ಮೇಷ್ಟ್ರ ಹೆಂಡತಿ ಖಾಲಿ ಮಂಚದ ಪಕ್ಕದಲ್ಲೇ ಕೂತಿದ್ದರು. ಆರು ದಿನದಿಂದ ಸರಿಯಾಗಿ ಮಾತಾಡಿಲ್ಲ ಅಂತ ಮನೆಯವರು ಬಾಗಿಲಲ್ಲೇ ಹೇಳಿದ್ದರು. ಒಂದು ಕಾರ್ಡು ತೆಗೆದು ಅವರ ಕೈಗೆ ಕೊಟ್ಟೆ. ಯಜಮಾನರ ಕನ್ನಡಕವನ್ನೇ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಕೊನೇ ಸಾಲಿಗೆ ಬಂದು ಬೆರಳು ನಿಂತಿತು.

'ಆತ್ಮಕ್ಕೆ ಚಿರಶಾಂತಿ ದೊರಕಲೆಂದು ಪ್ರಾಥಿರ್ಸಬೇಕಾಗಿ ವಿನಂತಿ.'

ಎಲ್ಲ ಅರ್ಕಾವೊತ್ತೂ ಮನೆ ಸೇರಿದ್ದವು, 'ಪ್ರಾರ್ಥಿಸಬೇಕಾಗಿ' ಅನ್ನುವುದರದ್ದೊಂದು ಬಿಟ್ಟು.

"ಅಮ್ಮಾ, ತಪ್ಪಾಯ್ತು," ಅಂದೆ. "ಇವೆಲ್ಲ ವಾಪಸ್ ತಗಂಡೋಗ್ತೀನಿ. ಸಂಜೆ ಒಳಗೆ ಬೇರೆ ಹೊಡ್ಸ್ಕಂಡು ಬತ್ತೀನಿ."

ಕಟ್ಟಿಗೆ ಕೈ ಹಾಕಿದೆ. ಅವರು ಅದರ ಮೇಲೆ ತಮ್ಮ ಕೈ ಇಟ್ಟರು. ಆರು ದಿನದ ಮೇಲೆ ಅವರ ತುಟಿಯಲ್ಲಿ ನಗುವಿನಂಥದ್ದೇನೋ ಬಂತು, ಅದರ ಹಿಂದೆಯೇ ಕಣ್ಣೀರು.

"ತಿದ್ದಬ್ಯಾಡ ಬುಡಪ್ಪ. ತಪ್ಪಾದ್ರೆ ಎದ್ದು ಬತ್ತೀನಿ ಅಂದಿದ್ರಲ್ಲ. ನೋಡಾನ, ಬತ್ತಾರೇನೋ."

ನನಗೂ ನಗು ಬಂತು. ನಗುತ್ತಲೇ ಇಬ್ಬರೂ ಬಾಗಿಲ ಕಡೆ ನೋಡಿದ್ದೂ ನಿಜ.